ಕೆಂಚನ ಕಿವಿಯಲ್ಲಿ ಔಡಲ ಬೀಜ

ಹುಲಗೂರಿನ ಓಣಿಯೊಂದರಲ್ಲಿ ಕೆಂಚ ಅಂತ ಒಂದು ನಾಯಿ ಇದೆ ಅಂದುಕೊಳ್ಳಿ. ಅಂದುಕೊಳ್ಳುವುದೇನು, ಇದ್ದೇ ಇರುತ್ತದೆ. ಶಿಗ್ಗಾವಿ, ಸವಣೂರು, ಹಾನಗಲ್ಲ, ಹಿರೇಕೆರೂರು, ಯಾವ ಕಡೆಯ ಊರಿಗೆ ಹೋದರೂ ಕೆಂಪು ಮೈಯ ನಾಯಿಗೆ ಮಕ್ಕಳು ಇಡುವ ಹೆಸರು ಹೆಚ್ಚುಕಡಿಮೆ ಅದೇ. ಅದು ಒಂದು ಮನೆಯ ನಾಯಿಯಲ್ಲ, ಇಡೀ ಓಣಿಯ ನಾಯಿ. ಬೆಳಿಗ್ಗೆ ಒಂದು ಮನೆಯ ಖಡಕ್ ರೊಟ್ಟಿ, ಮಧ್ಯಾಹ್ನ ಇನ್ನೊಂದು ಮನೆಯ ಅನ್ನ. ದರ್ಗಾದಲ್ಲಿ ಉರುಸು ನಡೆದರೆ ಅದಕ್ಕೂ ಹಬ್ಬ. ರಾತ್ರಿ ಯಾರದೋ ಕಟ್ಟೆಯ ಬುಡದಲ್ಲಿ ನಿದ್ದೆ.

ಒಂದು ದಿನ ಕಟ್ಟೆಯ ಮೇಲೆ ಕೂತ ಸಣ್ಣ ಹುಡುಗನೊಬ್ಬ ಅದರ ಕಿವಿ ನೋಡಿ ಕೂಗುತ್ತಾನೆ: "ಅಜ್ಜೀ, ಕೆಂಚನ ಕಿವ್ಯಾಗ ಔಡಲ ಬೀಜ ಸಿಕ್ಕೊಂಡಾವ ನೋಡು!"

"ಬೀಜ ಅಲ್ಲೋ ತಮ್ಮಾ, ಉಣ್ಣಿ ಅವು. ಮುಟ್ಟಬ್ಯಾಡ," ಅನ್ನುತ್ತಾಳೆ ಅಜ್ಜಿ.

ಅಜ್ಜಿ ಹೇಳಿದ್ದು ಸರಿ. ಆದರೆ ಹುಡುಗನ ಕಣ್ಣೂ ಚುರುಕಾಗಿದೆ. ಔಡಲ ಗಿಡಕ್ಕೆ ವಿಜ್ಞಾನದಲ್ಲಿ 'ರಿಸಿನಸ್' ಎಂಬ ಹೆಸರಿದೆ. ಅದು ಲ್ಯಾಟಿನ್ ಮಾತು, ಅದರ ಅರ್ಥ ಉಣ್ಣಿ ಎಂದೇ. ರಕ್ತ ಕುಡಿದು ಉಬ್ಬಿದ ಉಣ್ಣಿಯನ್ನೂ ಔಡಲ ಬೀಜವನ್ನೂ ಪಕ್ಕಪಕ್ಕದಲ್ಲಿ ಇಟ್ಟರೆ ಯಾರಾದರೂ ಒಂದು ಕ್ಷಣ ತಬ್ಬಿಬ್ಬಾಗಬೇಕು. ಹುಲಗೂರಿನ ಹುಡುಗನಿಗೆ ಕಂಡ ಹೋಲಿಕೆ ಎರಡು ಸಾವಿರ ವರ್ಷಗಳ ಹಿಂದೆ ರೋಮಿನ ಜನರಿಗೂ ಕಂಡಿತ್ತು.

ಉಣ್ಣಿ ಕೀಟವಲ್ಲ. ಕೀಟಕ್ಕೆ ಆರು ಕಾಲು; ಬೆಳೆದ ಉಣ್ಣಿಗೆ ಎಂಟು. ಅದು ಜೇಡ, ಚೇಳುಗಳ ಬಳಗದ್ದು. ತಮಾಷೆಯೆಂದರೆ, ಮೊಟ್ಟೆಯಿಂದ ಆಗಷ್ಟೇ ಹೊರಬಿದ್ದ ಮರಿಗೆ ಆರೇ ಕಾಲು ಇರುತ್ತವೆ. ಒಂದು ಸಲ ಹೊಟ್ಟೆ ತುಂಬ ರಕ್ತ ಕುಡಿದು, ಪೊರೆ ಕಳಚಿದ ಮೇಲೆ ಎಂಟು ಕಾಲಿನದಾಗಿ ಏಳುತ್ತದೆ. ಕೆಂಚನ ಕಿವಿಯಲ್ಲಿರುವುದು ಬಹುತೇಕ ಕಂದು ನಾಯಿ ಉಣ್ಣಿ. ಭಾರತದ ನಾಯಿಗಳ ಮೇಲೆ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದು ಇದೇ.

ಈಗ ನಾನು ಹೇಳುವುದನ್ನು ಗಮನವಿಟ್ಟು ಕೇಳಿ, ಏಕೆಂದರೆ ದೊಡ್ಡವರಲ್ಲೂ ಬಹಳ ಜನಕ್ಕೆ ಇದು ಗೊತ್ತಿಲ್ಲ. ಉಣ್ಣಿ ನಾಯಿಯ ಮೈಮೇಲೆ ವಾಸ ಮಾಡುವುದಿಲ್ಲ. ಊಟಕ್ಕೆ ಮಾತ್ರ ಬರುತ್ತದೆ. ಮರಿಯಾಗಿದ್ದಾಗ ಕೆಲವು ದಿನ ರಕ್ತ ಕುಡಿದು ಕೆಳಗೆ ಬೀಳುತ್ತದೆ. ಪೊರೆ ಕಳಚಿ ಮತ್ತೆ ಹತ್ತುತ್ತದೆ, ಕುಡಿಯುತ್ತದೆ, ಬೀಳುತ್ತದೆ. ಮೂರನೆಯ ಸಲ ಹತ್ತಿದ ಹೆಣ್ಣು ವಾರದಷ್ಟು ದಿನ ಕಚ್ಚಿಕೊಂಡಿದ್ದು, ಔಡಲ ಬೀಜದಂತೆ ಉಬ್ಬಿ, ಕಡೆಯ ಸಲ ಕೆಳಗಿಳಿದು ಯಾವುದೋ ಸಂದಿಯಲ್ಲಿ ಸಾವಿರಗಟ್ಟಲೆ ಮೊಟ್ಟೆಯಿಟ್ಟು ಸಾಯುತ್ತದೆ. ಮೂರೂ ಊಟ ಸೇರಿಸಿದರೆ ಕೆಲವೇ ವಾರ. ಉಳಿದ ದಿನಗಳನ್ನೆಲ್ಲ ಅದು ಎಲ್ಲಿ ಕಳೆಯುತ್ತದೆ? ಕಟ್ಟೆಯ ಕಲ್ಲಿನ ಸೀಳಿನಲ್ಲಿ, ಮಣ್ಣಿನ ಗೋಡೆಯ ಬಿರುಕಿನಲ್ಲಿ, ಬಾಗಿಲ ಚೌಕಟ್ಟಿನ ಹಿಂದೆ, ನಾಯಿ ಮಲಗುವ ಗೋಣಿಚೀಲದ ಮಡಿಕೆಯಲ್ಲಿ. ನಾಯಿ ಸಿಗದಿದ್ದರೆ ಬೆಳೆದ ಉಣ್ಣಿ ಒಂದು ವರ್ಷಕ್ಕೂ ಮೀರಿ ಉಪವಾಸ ಕಾಯಬಲ್ಲದು.

ಹಾಗಾದರೆ ಕೆಂಚನಿಗೆ ಉಣ್ಣಿ ಎಲ್ಲಿಂದ ಹತ್ತಿತು? ನಮ್ಮ ಗೋಡೆಯಿಂದ. "ಹೊಲಸು ನಾಯಿ, ಮೈತುಂಬ ಉಣ್ಣಿ" ಎಂದು ಅದಕ್ಕೆ ಕಲ್ಲು ಬೀಸುವುದನ್ನು ಕಂಡಾಗ ನನಗೆ ಬಹಳ ಸಂಕಟವಾಗುತ್ತದೆ. ಅದು ನಮ್ಮ ಮನೆಯ ಬಿರುಕಿನಲ್ಲಿ ಬೆಳೆದ ಜೀವಿಗೆ ತನ್ನ ರಕ್ತ ಕೊಡುತ್ತಿದೆ.

ಕತ್ತಲ ಸಂದಿಯಲ್ಲಿ ಕೂತ ಉಣ್ಣಿಗೆ ನಾಯಿ ಬಂದದ್ದು ತಿಳಿಯುವುದು ಮುಂಗಾಲಿನಿಂದ. ಮುಂದಿನ ಜೋಡಿ ಕಾಲುಗಳ ತುದಿಯಲ್ಲಿ ಪುಟ್ಟ ಗುಳಿಯಿದೆ. ನಾಯಿ ಬಿಡುವ ಉಸಿರಿನ ಇಂಗಾಲದ ಡೈಆಕ್ಸೈಡ್, ಮೈಶಾಖ, ಮೈಯ ವಾಸನೆ ಎಲ್ಲ ಅಲ್ಲಿಗೇ ತಾಗುತ್ತವೆ. ಎರಡೂ ಮುಂಗಾಲು ಮೇಲೆತ್ತಿ, 'ಎತ್ತಿಕೋ' ಎನ್ನುವ ಕೂಸಿನ ಹಾಗೆ ಕಾಯುತ್ತದೆ. ಹತ್ತಿದ ಮೇಲೆ ಚರ್ಮ ಕೊರೆದು, ಸಿಮೆಂಟಿನಂಥ ಅಂಟು ಬಿಟ್ಟು ತನ್ನ ಬಾಯಿಯನ್ನು ಅಲ್ಲೇ ಬಿಗಿದುಕೊಳ್ಳುತ್ತದೆ. ಅದರ ಜೊಲ್ಲಿನಲ್ಲಿ ನೋವು ತಿಳಿಯದಂತೆ ಮಾಡುವ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಪದಾರ್ಥಗಳಿವೆ. ಆದ್ದರಿಂದಲೇ ಕಚ್ಚಿದ್ದು ನಾಯಿಗೂ ಗೊತ್ತಾಗುವುದಿಲ್ಲ, ನಮಗೂ ಗೊತ್ತಾಗುವುದಿಲ್ಲ.

ಜೊಲ್ಲಿನ ಜೊತೆಗೇ ರೋಗಾಣುಗಳೂ ಇಳಿಯುತ್ತವೆ. ಕೆಂಚ ಒಂದು ವಾರದಿಂದ ರೊಟ್ಟಿ ಮೂಸಿ ಹಾಗೇ ಬಿಡುತ್ತಿದೆ, ಒಸಡು ಬಿಳಚಿಕೊಂಡಿದೆ, ಮೂತ್ರ ಚಹಾದ ಬಣ್ಣಕ್ಕೆ ತಿರುಗಿದೆ ಅಥವಾ ಮೂಗಿನಿಂದ ರಕ್ತ ಸೋರುತ್ತಿದೆ ಎಂದರೆ ಪಶುವೈದ್ಯರು ಕಿವಿಯ ಅಂಚಿನಿಂದ ಒಂದು ಹನಿ ರಕ್ತ ತೆಗೆದು ಗಾಜಿನ ಪಟ್ಟಿಯ ಮೇಲೆ ಸವರಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದ ಕೆಳಗೆ ಇಡುತ್ತಾರೆ. ಕೆಂಪು ರಕ್ತಕಣದೊಳಗೆ ಪುಟ್ಟ ಉಂಗುರದಂಥದ್ದೋ, ಜೋಡಿ ಪೇರಲ ಹಣ್ಣಿನಂಥದ್ದೋ ಕಂಡರೆ ಅದು ಬೆಬೀಸಿಯಾ ಎಂಬ ರೋಗಾಣು. ಅದು ಕಣವನ್ನು ಒಳಗಿನಿಂದ ಒಡೆಯುತ್ತದೆ, ಹಾಗಾಗಿ ನಾಯಿಗೆ ರಕ್ತ ಕಡಿಮೆಯಾಗುತ್ತದೆ. ಬಿಳಿ ರಕ್ತಕಣದೊಳಗೆ ಸಣ್ಣ ಕಾಳುಗಳ ಗೊಂಚಲು ಕಂಡರೆ ಅದು ಎರ್ಲಿಕಿಯಾ ಎಂಬ ಬ್ಯಾಕ್ಟೀರಿಯಾ. ಆ ಗೊಂಚಲಿಗೆ ವಿಜ್ಞಾನಿಗಳು ಇಟ್ಟ ಹೆಸರು ಮೊರುಲಾ. ಹಿಪ್ಪುನೇರಳೆ ಹಣ್ಣು ಎಂಬ ಅರ್ಥದ ಮಾತಿನಿಂದ ಬಂದದ್ದು. ರೇಷ್ಮೆ ಸಾಕುವ ಮನೆಯ ಮಕ್ಕಳಿಗೆ ಅದನ್ನು ನೋಡಿದ ಕೂಡಲೇ ಗುರುತು ಸಿಗುತ್ತದೆ.

ಈ ರೋಗಾಣುಗಳ ಕಥೆಯಲ್ಲಿ ನಮ್ಮ ದೇಶದ ನಾಯಿಗಳಿಗೂ ಜಾಗವಿದೆ. 1910ರಲ್ಲಿ ಪ್ಯಾಟನ್ ಎಂಬ ವೈದ್ಯ ಮದ್ರಾಸಿನ ಬೇಟೆನಾಯಿಗಳ ರಕ್ತದಲ್ಲಿ ಒಂದು ಹೊಸ ಬೆಬೀಸಿಯಾ ಕಂಡ. ಆಮೇಲೆ ಹುಡುಕಿದರೆ ನರಿಯ ರಕ್ತದಲ್ಲೂ ಅದೇ ಸಿಕ್ಕಿತು. ಅದಕ್ಕೂ ಐದು ವರ್ಷ ಮೊದಲು, 1905ರಲ್ಲಿ, ಜೇಮ್ಸ್ ಎಂಬಾತ ಭಾರತದ ನಾಯಿಯ ಬಿಳಿ ರಕ್ತಕಣದಲ್ಲೇ ಇನ್ನೊಂದನ್ನು ಗುರುತಿಸಿದ್ದ. ಅದರ ಈಗಿನ ಹೆಸರು ಹೆಪಟೊಜೂನ್. ಇದು ನಾಯಿಗೆ ಅಂಟುವ ಬಗೆ ವಿಚಿತ್ರ: ಉಣ್ಣಿ ಕಚ್ಚಿದರೆ ಬರುವುದಿಲ್ಲ, ನಾಯಿಯೇ ಉಣ್ಣಿಯನ್ನು ಕಚ್ಚಿ ನುಂಗಿದರೆ ಬರುತ್ತದೆ! ಕೆಂಚ ತೊಡೆಯನ್ನು ಹಲ್ಲಿನಿಂದ ಕೆರೆದುಕೊಳ್ಳುವುದನ್ನು ನೋಡಿದ್ದೀರಲ್ಲ, ಆಗಲೇ.

ಉಣ್ಣಿಯಿಂದ ರೋಗ ಬರುತ್ತದೆಂದು ಮೊದಲು ಹೇಳಿದವರು ವಿಜ್ಞಾನಿಗಳಲ್ಲ, ದನ ಕಾಯುವವರು. ಅಮೆರಿಕದಲ್ಲಿ ದನಗಳಿಗೆ ವಿಪರೀತ ಜ್ವರ ಬಂದು ಸಾಯುತ್ತಿದ್ದಾಗ, ಇದು ಉಣ್ಣಿಯ ಕೆಲಸ ಎಂದು ಅಲ್ಲಿನ ದನಗಾಹಿಗಳು ಹೇಳುತ್ತಲೇ ಇದ್ದರು. ಓದಿದವರು ನಂಬಲಿಲ್ಲ. ಥಿಯೊಬಾಲ್ಡ್ ಸ್ಮಿತ್ ಮತ್ತು ಕಿಲ್ಬೋರ್ನ್ ಎಂಬ ಇಬ್ಬರು ವಿಜ್ಞಾನಿಗಳು ಆ ಮಾತನ್ನು ತಳ್ಳಿಹಾಕದೆ, ಉಣ್ಣಿ ಇರುವ ದನ, ಉಣ್ಣಿ ತೆಗೆದ ದನ ಎಂದು ಬೇರೆಬೇರೆ ಹೊಲಗಳಲ್ಲಿ ಕಟ್ಟಿ ವರ್ಷಗಟ್ಟಲೆ ನೋಡಿದರು. 1893ರಲ್ಲಿ ದನಗಾಹಿಗಳ ಮಾತೇ ನಿಜವೆಂದು ತೋರಿಸಿದರು. ಮಲೇರಿಯಾ ಹರಡುವುದು ಸೊಳ್ಳೆ ಎಂಬುದರ ಸುಳಿವು ರೊನಾಲ್ಡ್ ರಾಸ್ ಅವರಿಗೆ ಸಿಕಂದರಾಬಾದಿನಲ್ಲಿ ಸಿಕ್ಕಿದ್ದು ಇನ್ನೂ ನಾಲ್ಕು ವರ್ಷ ಕಳೆದ ಮೇಲೆ. ನಿಮ್ಮೂರಿನ ಕುರಿ ಕಾಯುವ ಅಜ್ಜನ ಹತ್ತಿರ ಉಣ್ಣಿಯ ಬಗ್ಗೆ ಒಮ್ಮೆ ಕೇಳಿ. ಯಾವ ತಿಂಗಳು ಹೆಚ್ಚು, ಯಾವ ಹುಲ್ಲಿನಲ್ಲಿ ಹೆಚ್ಚು ಎಂಬುದು ಅವರಿಗೆ ಗೊತ್ತಿರುತ್ತದೆ.

ಉಣ್ಣಿಯ ಕಥೆಗೆ ಅಮೆರಿಕದಷ್ಟು ದೂರ ಹೋಗುವುದೂ ಬೇಡ. ಹಾನಗಲ್ಲಿನಿಂದ ದಕ್ಷಿಣಕ್ಕೆ ಆನವಟ್ಟಿಯ ದಾರಿ ಹಿಡಿದರೆ ಸೊರಬ ತಾಲ್ಲೂಕು. ಆ ತಾಲ್ಲೂಕಿನ ಕ್ಯಾಸನೂರು ಎಂಬ ಹಳ್ಳಿಯ ಕಾಡಿನಲ್ಲಿ 1957ರಲ್ಲಿ ಮಂಗಗಳು ಸಾಲಾಗಿ ಸತ್ತು ಬಿದ್ದವು. ಕಾಡಿಗೆ ಹೋಗಿಬಂದವರಿಗೆ ಜೋರು ಜ್ವರ. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಹುಡುಕಿದಾಗ ಜಗತ್ತಿಗೆ ಗೊತ್ತೇ ಇರದಿದ್ದ ಒಂದು ವೈರಸ್ಸು ಸಿಕ್ಕಿತು. ಅದನ್ನು ಹೊತ್ತು ತಿರುಗುತ್ತಿದ್ದದ್ದು ಉಣ್ಣಿ. ನಾವು ಮಂಗನ ಕಾಯಿಲೆ ಅನ್ನುವುದಕ್ಕೆ ಪ್ರಪಂಚದ ಪುಸ್ತಕಗಳಲ್ಲೆಲ್ಲ ಆ ಸಣ್ಣ ಹಳ್ಳಿಯ ಹೆಸರೇ ಇದೆ. ಹೆದರಬೇಡಿ, ಅದು ಕಾಡಿನ ಬೇರೆ ಜಾತಿಯ ಉಣ್ಣಿ. ಕೆಂಚನ ಕಿವಿಯ ಕಂದು ಉಣ್ಣಿಯಲ್ಲ. ಆದರೆ ಈ ಕಂದು ಉಣ್ಣಿಯೂ ಮನುಷ್ಯರನ್ನು ಕಚ್ಚುವುದುಂಟು, ಅದರಿಂದ ಟಿಕ್ ಟೈಫಸ್ (ಉಣ್ಣಿ ಟೈಫಸ್) ಎಂಬ ಜ್ವರ ಬರುವುದುಂಟು. ತಲೆನೋವು, ಜ್ವರ, ಅಂಗೈ ಅಂಗಾಲಿನಲ್ಲೂ ಕೆಂಪು ಗುಳ್ಳೆ ಕಾಣಿಸಿಕೊಂಡರೆ ವೈದ್ಯರ ಮುಂದೆ "ಉಣ್ಣಿ ಕಚ್ಚಿತ್ತು" ಎಂಬ ಎರಡು ಮಾತು ಹೇಳಬೇಕು. ಆ ಎರಡು ಮಾತಿನಿಂದ ಸರಿಯಾದ ಔಷಧ ಬೇಗ ಸಿಗುತ್ತದೆ.

ಉಣ್ಣಿಯಲ್ಲದೆ ಕೆಂಚನ ಮೈಮೇಲೆ ಚಿಗಟವೂ ಇರುತ್ತದೆ. ಅದರದ್ದು ಬೇರೆ ಜಾತಿ. ಅದು ಆರು ಕಾಲಿನ ಕೀಟವೇ. ರೆಕ್ಕೆಯಿಲ್ಲ, ಆದರೆ ಎಳ್ಳುಕಾಳಿನಷ್ಟು ಮೈಯಿಂದ ಹತ್ತಿರಹತ್ತಿರ ಒಂದು ಗೇಣು ಎತ್ತರ ನೆಗೆಯುತ್ತದೆ. ಅದರ ಮೊಟ್ಟೆ ನಾಯಿಯ ಮೈಯಿಂದ ಉದುರಿ ಧೂಳಿನಲ್ಲಿ ಬೀಳುತ್ತದೆ. ಹುಳುವಿನಂಥ ಮರಿಗಳು ಆ ಧೂಳಿನಲ್ಲೇ ಬೆಳೆಯುತ್ತವೆ. ಅವುಗಳ ಊಟವೇನು ಗೊತ್ತೇ? ಅಪ್ಪ ಅವ್ವ ಚಿಗಟಗಳ ಹಿಕ್ಕೆ. ಅದರಲ್ಲಿ ಒಣಗಿದ ರಕ್ತವಿರುತ್ತದೆ. ಇದನ್ನು ನೀವೇ ನೋಡಬಹುದು. ದೊಡ್ಡವರೊಬ್ಬರು ನಾಯಿಯ ಬೆನ್ನನ್ನು ಹೇನಿನ ಹಣಿಗೆಯಿಂದ ಬಾಚಲಿ. ಉದುರಿದ ಕರಿ ಪುಡಿಯನ್ನು ಒದ್ದೆ ಬಿಳಿ ಕಾಗದದ ಮೇಲೆ ಹಾಕಿ ಸ್ವಲ್ಪ ಹೊತ್ತು ಕಾಯಿರಿ. ಮಣ್ಣಾಗಿದ್ದರೆ ಕರಿ ಕಲೆ ಕರಿಯಾಗಿಯೇ ಉಳಿಯುತ್ತದೆ. ಚಿಗಟದ ಹಿಕ್ಕೆಯಾಗಿದ್ದರೆ ಸುತ್ತಲೂ ಇಟ್ಟಿಗೆ ಕೆಂಪು ಹರಡುತ್ತದೆ. ನಾಯಿ ಚಿಗಟವನ್ನು ನುಂಗಿದರೆ ಅದರೊಳಗಿದ್ದ ಲಾಡಿಹುಳುವಿನ ಮರಿ ನಾಯಿಯ ಕರುಳಿಗೆ ಹೋಗುತ್ತದೆ. ಬಾಲದ ಕೆಳಗೆ ಅಕ್ಕಿಕಾಳಿನಂಥ ಬಿಳಿ ತುಣುಕು ಅಂಟಿಕೊಂಡಿದ್ದರೆ ಅದು ಆ ಹುಳುವಿನದೇ. ನಾಯಿಯನ್ನು ಮುದ್ದಿಸಿದ ಕೈಯನ್ನು ತೊಳೆಯದೆ ಬಾಯಿಗಿಡುವ ಮಕ್ಕಳಿಗೂ ಚಿಗಟ ಹೊಟ್ಟೆ ಸೇರಿ ಈ ಹುಳು ಆಗುವುದುಂಟು.

ಇನ್ನು ಇವುಗಳನ್ನು ತೆಗೆಯುವ ಮಾತು. ಉಣ್ಣಿಯನ್ನು ಬೆರಳಿನಿಂದ ಹಿಚುಕಬೇಡಿ, ಬೀಡಿಯಿಂದ ಸುಡಬೇಡಿ, ಸೀಮೆಎಣ್ಣೆ ಹಾಕಬೇಡಿ. ಹಿಂಸೆಯಾದರೆ ಅದು ಹೊಟ್ಟೆಯಲ್ಲಿದ್ದದ್ದನ್ನು ಗಾಯದೊಳಕ್ಕೇ ಕಕ್ಕಬಹುದು. ದೊಡ್ಡವರು ಚಿಮುಟದಿಂದ ಚರ್ಮಕ್ಕೆ ಹತ್ತಿರ ಹಿಡಿದು ನೇರವಾಗಿ ನಿಧಾನಕ್ಕೆ ಎಳೆದು ಸೋಪಿನ ನೀರಿಗೆ ಹಾಕಲಿ. ಇನ್ನೊಂದು ಮಾತನ್ನು ಕೈಮುಗಿದು ಹೇಳುತ್ತೇನೆ: ಹತ್ತಿಗೆ, ಗೋವಿನಜೋಳಕ್ಕೆ ಹೊಡೆಯುವ ಔಷಧವನ್ನು ನಾಯಿಯ ಮೈಗೆ ಸುರಿಯಲು ಯಾರಿಗೂ ಬಿಡಬೇಡಿ. ಉಣ್ಣಿ ಸಾಯುತ್ತದೆ, ನಿಜ. ಮೈ ನೆಕ್ಕಿದ ನಾಯಿಯೂ ಬಾಯಲ್ಲಿ ನೊರೆ ಬಂದು ಸಾಯುತ್ತದೆ. ಉಣ್ಣಿಗೆ ಬೇರೆಯೇ ಗುಳಿಗೆಗಳಿವೆ, ಬೆನ್ನಿಗೆ ಹಾಕುವ ಹನಿಗಳಿವೆ. ನಾಯಿಯ ತೂಕ ನೋಡಿ ಪಶುವೈದ್ಯರು ಕೊಡುತ್ತಾರೆ. ಯಾರದೂ ಅಲ್ಲದ ನಾಯಿಗೆ ಯಾರು ಕೊಡಿಸಬೇಕು ಎಂದು ಕೇಳುತ್ತೀರಿ. ರೊಟ್ಟಿ ಹಾಕುವ ನಾಲ್ಕು ಮನೆಯವರು ಕೂಡಿದರೆ ಗುಳಿಗೆಯನ್ನೂ ಅದೇ ರೊಟ್ಟಿಯೊಳಗಿಟ್ಟು ಕೊಡಬಹುದು. ಜೊತೆಗೆ ಕಟ್ಟೆಯ ಸೀಳುಗಳನ್ನು ಮೆತ್ತಬೇಕು, ಗೋಣಿಚೀಲವನ್ನು ಕುದಿಯುವ ನೀರಿನಲ್ಲಿ ಅದ್ದಿ ಬಿಸಿಲಿಗೆ ಹರವಬೇಕು, ಮೂಲೆಯ ಧೂಳು ಗುಡಿಸಬೇಕು. ಇಲ್ಲವಾದರೆ ಇವತ್ತು ಉಣ್ಣಿ ತೆಗೆದ ಕಿವಿಗೆ ವಾರದೊಳಗೆ ಹೊಸವು ಹತ್ತುತ್ತವೆ.

ಒಂದು ಕೆಲಸ ನಿಮಗೆ. ಹಳೆಯ ನೋಟ್‌ಬುಕ್ಕಿನಲ್ಲಿ ಪ್ರತಿ ಭಾನುವಾರ ಕೆಂಚನ ಎಡಗಿವಿಯ ಉಣ್ಣಿ ಎಣಿಸಿ ಬರೆಯಿರಿ. ಪರಿಚಯದ ನಾಯಿ ಆಗಿರಲಿ, ದೊಡ್ಡವರು ಹತ್ತಿರ ಇರಲಿ. ತಿನ್ನುವಾಗ, ಮರಿ ಹಾಕಿದಾಗ ಹತ್ತಿರ ಹೋಗಬೇಡಿ. ಕಚ್ಚಿದರೆ, ಪರಚಿದರೆ 15 ನಿಮಿಷ ಸೋಪು ಹಚ್ಚಿ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ, ಹುಚ್ಚುನಾಯಿ ರೋಗದ ಲಸಿಕೆ ಬೇಕಾಗುತ್ತದೆ. ತಾರೀಖು, ಎಣಿಕೆ, ಆ ವಾರ ಮಳೆ ಬಂತೇ ಇಲ್ಲವೇ, ಕೆಂಚ ರೊಟ್ಟಿ ತಿಂದಿತೇ ಇಲ್ಲವೇ, ಇಷ್ಟೇ ಸಾಕು. ಕಟ್ಟೆಯ ಸೀಳು ಮೆತ್ತಿದ ದಿನ ಒಂದು ಅಡ್ಡಗೆರೆ ಎಳೆಯಿರಿ. ಒಂದು ಯುಗಾದಿಯಿಂದ ಇನ್ನೊಂದು ಯುಗಾದಿಯವರೆಗೆ ಬರೆದ ಮೇಲೆ ಆ ನೋಟ್‌ಬುಕ್ಕನ್ನು ನಿಮ್ಮೂರಿನ ಪಶುವೈದ್ಯರಿಗೆ ತೋರಿಸಿ, ಗೆರೆಯ ಮೇಲಿನ ಅಂಕಿಗಳನ್ನೂ ಕೆಳಗಿನ ಅಂಕಿಗಳನ್ನೂ ಅವರ ಜೊತೆ ಕೂತು ಓದಿ.