ಹೊಸ ಗಣಕಯಂತ್ರದಲ್ಲಿ ಹಳೆಯ ಸಹಾಯಕ ತಂತ್ರಾಂಶ: ಬಳಕೆ ಮತ್ತು ಎಚ್ಚರಿಕೆ



ಹೊರನಾಡಿನ ನಗರವೊಂದರ ಕನ್ನಡ ಸಂಘದ ಕಚೇರಿಯನ್ನು ಉದಾಹರಣೆಗಾಗಿ ಊಹಿಸಿಕೊಳ್ಳಬಹುದು. ಅಲ್ಲಿನ ಹಳೆಯ ಗಣಕಯಂತ್ರ ಕೆಟ್ಟು, ಅದರ ಸ್ಥಾನದಲ್ಲಿ ಹೊಸದೊಂದು ಬಂದಿದೆ. ಸದಸ್ಯರ ಪಟ್ಟಿ, ಚಂದಾ ಲೆಕ್ಕ, ಹಲವು ವರ್ಷಗಳ ಸ್ಮರಣ ಸಂಚಿಕೆಗಳ ಬರಹ ಎಲ್ಲವೂ ಹಳೆಯ ಡಿಸ್ಕಿನಲ್ಲಿವೆ. ಕಡತಗಳನ್ನು ಕುಗ್ಗಿಸಿಡುವ, ಅಳಿಸಿಹೋದ ಕಡತವನ್ನು ಮರಳಿ ತರುವ, ಡಿಸ್ಕನ್ನು ಪರೀಕ್ಷಿಸಿ ದುರಸ್ತಿ ಮಾಡುವ ಕೆಲವು ಸಣ್ಣ ತಂತ್ರಾಂಶಗಳೂ ಅದರಲ್ಲಿವೆ. ಕಾರ್ಯದರ್ಶಿಯವರು ಅವುಗಳನ್ನೆಲ್ಲ ಹೊಸ ಯಂತ್ರಕ್ಕೆ ನಕಲು ಮಾಡಿ ತೆರೆಯಲು ಹೊರಟರೆ, ಈ ತಂತ್ರಾಂಶವು ಈ ಯಂತ್ರದಲ್ಲಿ ನಡೆಯದು ಎಂಬ ಸೂಚನೆಯಷ್ಟೇ ತೆರೆಯ ಮೇಲೆ ಮೂಡುತ್ತದೆ.

ಇಂತಹ ಸಂದರ್ಭದಲ್ಲಿ ಎಲ್ಲವೂ ಹೋಯಿತೆಂದು ಕೈಚೆಲ್ಲುವವರುಂಟು. ಹೇಗಾದರೂ ಮಾಡಿ ನಡೆಸಿಯೇ ತೀರಬೇಕೆಂದು ಹಟ ಹಿಡಿಯುವವರೂ ಉಂಟು. ಎರಡು ಮಾರ್ಗಗಳಲ್ಲಿಯೂ ನಷ್ಟದ ಸಂಭವವಿದೆ. ಯಾವ ಹಳೆಯ ತಂತ್ರಾಂಶವನ್ನು ನಡೆಸಬಹುದು, ಹೇಗೆ ನಡೆಸಬಹುದು, ಯಾವುದನ್ನು ನಡೆಸಲೇಬಾರದು ಎಂಬ ವಿವೇಚನೆಯೇ ಇಂದಿನ ವಿಷಯ.

ತಂತ್ರಾಂಶವು ಗಣಕಯಂತ್ರದೊಡನೆ ಸಾಮಾನ್ಯವಾಗಿ ನೇರ ವ್ಯವಹಾರ ನಡೆಸುವುದಿಲ್ಲ. ಇವೆರಡರ ನಡುವೆ ಕಾರ್ಯಾಚರಣಾ ವ್ಯವಸ್ಥೆ ಇರುತ್ತದೆ. ಡಿಸ್ಕಿನಿಂದ ಕಡತವನ್ನು ತಂದುಕೊಡುವುದು, ತೆರೆಯ ಮೇಲೆ ಅಕ್ಷರ ಮೂಡಿಸುವುದು, ಮುದ್ರಣಯಂತ್ರಕ್ಕೆ ಪುಟವನ್ನು ಕಳುಹಿಸುವುದು ಇವೆಲ್ಲ ಅದರ ಹೊಣೆ. 1981ರಲ್ಲಿ ಐ.ಬಿ.ಎಂ. ಸಂಸ್ಥೆಯ ವೈಯಕ್ತಿಕ ಗಣಕಯಂತ್ರದೊಂದಿಗೆ ಬಂದ ಡಾಸ್ ಅಂತಹ ಒಂದು ವ್ಯವಸ್ಥೆ. ಆದರೆ ಡಾಸ್ ಬಹಳ ಸಡಿಲವಾದ ಯಜಮಾನ. ತನ್ನನ್ನು ದಾಟಿ ಡಿಸ್ಕನ್ನಾಗಲಿ ಮುದ್ರಣಯಂತ್ರವನ್ನಾಗಲಿ ನೇರವಾಗಿ ಮುಟ್ಟುವ ತಂತ್ರಾಂಶವನ್ನು ಅದು ತಡೆಯುತ್ತಿರಲಿಲ್ಲ. ಆ ಕಾಲದ ಅನೇಕ ಸಹಾಯಕ ತಂತ್ರಾಂಶಗಳ ಶಕ್ತಿಯೆಲ್ಲ ಇದ್ದುದು ಈ ಸ್ವಾತಂತ್ರ್ಯದಲ್ಲಿಯೇ.

ಈ ಸ್ವಾತಂತ್ರ್ಯ ಅಪಾಯಕ್ಕೆ ಎಡೆಮಾಡಬಲ್ಲದೆಂಬುದು 1995ರಲ್ಲಿ ಸ್ಪಷ್ಟವಾಯಿತು. ಡಾಸ್‌ನಲ್ಲಿ ಕಡತದ ಹೆಸರು ಎಂಟು ಅಕ್ಷರಗಳನ್ನೂ, ಅದರ ಹಿಂದೆ ಬರುವ ಉಪನಾಮವು ಮೂರು ಅಕ್ಷರಗಳನ್ನೂ ಮೀರುವಂತಿರಲಿಲ್ಲ. 1995ರ ಆಗಸ್ಟ್ 24ರಂದು ಬಿಡುಗಡೆಯಾದ ವಿಂಡೋಸ್ 95 ವ್ಯವಸ್ಥೆಯು 255 ಅಕ್ಷರಗಳವರೆಗಿನ ದೀರ್ಘ ಹೆಸರುಗಳಿಗೆ ಅವಕಾಶ ನೀಡಿತು. ಹಳೆಯ ತಂತ್ರಾಂಶಗಳಿಗೆ ತೊಡಕಾಗದಿರಲೆಂದು ಪ್ರತಿಯೊಂದು ಕಡತಕ್ಕೂ ಹಳೆಯ ಮಾದರಿಯ ಕಿರುಹೆಸರನ್ನು ಉಳಿಸಿಕೊಳ್ಳಲಾಯಿತು. ದೀರ್ಘ ಹೆಸರನ್ನು ಹದಿಮೂರು ಹದಿಮೂರು ಅಕ್ಷರಗಳ ತುಂಡುಗಳಾಗಿ ಮಾಡಿ, ಡಿಸ್ಕಿನ ಕಡತಪಟ್ಟಿಯಲ್ಲಿ ಹೆಚ್ಚುವರಿ ನಮೂದುಗಳಾಗಿ ಮರೆಯಲ್ಲಿರಿಸಲಾಯಿತು.

ಬರಹ, ಲೆಕ್ಕಪತ್ರ ಮೊದಲಾದ ಸಾಮಾನ್ಯ ತಂತ್ರಾಂಶಗಳಿಗೆ ಇದರಿಂದ ತೊಂದರೆಯಾಗಲಿಲ್ಲ. ಅವು ಆ ಮರೆಯ ನಮೂದುಗಳನ್ನು ಕಾಣುತ್ತಲೇ ಇರಲಿಲ್ಲ. ಡಿಸ್ಕನ್ನು ನೇರವಾಗಿ ಓದುತ್ತಿದ್ದ ಹಳೆಯ ದುರಸ್ತಿ ತಂತ್ರಾಂಶಗಳ ಸಂಗತಿ ಬೇರೆ. ಅವುಗಳಿಗೆ ಆ ನಮೂದುಗಳು ದೋಷಗಳಾಗಿ ಕಾಣಿಸುತ್ತಿದ್ದವು. ದೋಷವನ್ನು ಸರಿಪಡಿಸುವ ಕಾರ್ಯದಲ್ಲಿ ಅವು ದೀರ್ಘ ಹೆಸರುಗಳನ್ನೇ ಅಳಿಸಿಹಾಕಬಲ್ಲವಾಗಿದ್ದವು. ಇದನ್ನರಿತೇ ವಿಂಡೋಸ್ 95 ಡಿಸ್ಕಿನ ಮೇಲೆ ಅಂತಹ ನೇರ ಬರವಣಿಗೆಯನ್ನು ತಡೆಹಿಡಿಯುತ್ತಿತ್ತು. ತಡೆಯನ್ನು ತೆರವು ಮಾಡಲೇಬೇಕಾದಾಗ 'ಲಾಕ್' ಎಂಬ ಪ್ರತ್ಯೇಕ ಆದೇಶವನ್ನು ನೀಡಬೇಕಿತ್ತು. ಮುಂದೆ 1996ರಲ್ಲಿ ಫ್ಯಾಟ್-32 ಎಂಬ ಹೊಸ ಡಿಸ್ಕ್ ವಿನ್ಯಾಸ ಬಂದಾಗ, ಹಿಂದಿನ ದುರಸ್ತಿ ತಂತ್ರಾಂಶಗಳಿಗೆ ಆ ವಿನ್ಯಾಸವೇ ಅರ್ಥವಾಗದಾಯಿತು.

ಆ ತಂತ್ರಾಂಶಗಳು ಕೆಟ್ಟವಾಗಿರಲಿಲ್ಲವೆಂಬುದು ಇಲ್ಲಿ ಗಮನಾರ್ಹ. ತಮ್ಮ ಕಾಲದ ಡಿಸ್ಕಿನ ಮೇಲೆ ಅವು ನಂಬಿಕೆಗೆ ಅರ್ಹವಾಗಿದ್ದವು. ಡಿಸ್ಕಿನ ವಿನ್ಯಾಸ ಬದಲಾಯಿತು. ಅವುಗಳ ತಿಳಿವಳಿಕೆ ಬದಲಾಗಲಿಲ್ಲ. ದೇಹರಚನೆಯನ್ನು ಅರಿಯದೆ ಶಸ್ತ್ರ ಹಿಡಿದ ವೈದ್ಯನ ಸ್ಥಿತಿ ಅವುಗಳದ್ದಾಯಿತು.

ಆದುದರಿಂದ ಹಳೆಯ ಸಹಾಯಕ ತಂತ್ರಾಂಶಗಳನ್ನು ಮೊದಲು ಎರಡು ವರ್ಗಗಳಾಗಿ ವಿಂಗಡಿಸಿಕೊಳ್ಳಬೇಕು. ಕಡತಗಳೊಡನೆ ಮಾತ್ರ ವ್ಯವಹರಿಸುವಂಥವು ಮೊದಲನೆಯ ವರ್ಗ. ಕಡತಗಳನ್ನು ಕುಗ್ಗಿಸುವ ಮತ್ತು ಬಿಡಿಸುವ, ಹೆಸರು ಬದಲಿಸುವ, ಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸುವ ತಂತ್ರಾಂಶಗಳು ಇದಕ್ಕೆ ಸೇರುತ್ತವೆ. ಯಂತ್ರದ ಒಳಾಂಗಗಳೊಡನೆ ವ್ಯವಹರಿಸುವಂಥವು ಎರಡನೆಯ ವರ್ಗ. ಡಿಸ್ಕ್ ದುರಸ್ತಿ, ಡಿಸ್ಕಿನ ಮರುಜೋಡಣೆ, ಡಿಸ್ಕಿನ ವಿಭಜನೆ, ವೈರಸ್ ಪತ್ತೆ, ಇಡೀ ವ್ಯವಸ್ಥೆಯ ನಕಲು ಮೊದಲಾದವು ಇದಕ್ಕೆ ಸೇರುತ್ತವೆ. ಮೊದಲನೆಯ ವರ್ಗಕ್ಕೆ ಹೊಸ ಯಂತ್ರದಲ್ಲಿ ಆಶ್ರಯ ಕಲ್ಪಿಸಬಹುದು. ಎರಡನೆಯ ವರ್ಗಕ್ಕೆ ಬೀಳ್ಕೊಡುಗೆಯೇ ಕ್ಷೇಮ.

ಮೊದಲನೆಯ ವರ್ಗದ ತಂತ್ರಾಂಶಗಳನ್ನು ನಡೆಸುವ ಮಾರ್ಗಗಳು ಅವು ಯಾವ ಕಾಲದವು ಎಂಬುದನ್ನು ಅವಲಂಬಿಸಿವೆ. ವಿಂಡೋಸ್ 95ರ ಕಾಲದಿಂದೀಚೆಗೆ 32 ಬಿಟ್ ವಿಧಾನದಲ್ಲಿ ರಚಿತವಾದ ತಂತ್ರಾಂಶಗಳು ಇಂದಿನ ವಿಂಡೋಸ್ ವ್ಯವಸ್ಥೆಯಲ್ಲಿಯೂ ಬಹುಮಟ್ಟಿಗೆ ನಡೆಯುತ್ತವೆ. ನಡೆಯದಿದ್ದರೆ ಹೊಂದಾಣಿಕೆ ವಿಧಾನವನ್ನು ಪ್ರಯತ್ನಿಸಬಹುದು. ಇದು 2001ರ ವಿಂಡೋಸ್ ಎಕ್ಸ್‌ಪಿಯಿಂದ ಮೊದಲ್ಗೊಂಡು ದೊರೆಯುತ್ತಿರುವ ಸೌಲಭ್ಯ. ತಂತ್ರಾಂಶದ ಚಿಹ್ನೆಯ ಮೇಲೆ ಮೌಸಿನ ಬಲಗುಂಡಿಯನ್ನು ಒತ್ತಿ, 'ಪ್ರಾಪರ್ಟೀಸ್' ತೆರೆದು, 'ಕಂಪ್ಯಾಟಿಬಿಲಿಟಿ' ಎಂಬ ಪುಟದಲ್ಲಿ ಹಿಂದಿನ ಆವೃತ್ತಿಯೊಂದನ್ನು ಆರಿಸಬೇಕು. ಆಗ ವ್ಯವಸ್ಥೆಯು ಆ ತಂತ್ರಾಂಶದ ಪಾಲಿಗೆ ಹಳೆಯ ಆವೃತ್ತಿಯಂತೆ ವರ್ತಿಸುತ್ತದೆ.

ಡಾಸ್ ಮತ್ತು ವಿಂಡೋಸ್ 3.1ರ ಕಾಲದ 16 ಬಿಟ್ ತಂತ್ರಾಂಶಗಳಿಗೆ ಈ ಉಪಾಯ ಫಲಿಸದು. 32 ಬಿಟ್ ವಿಂಡೋಸ್ ಆವೃತ್ತಿಗಳಲ್ಲಿ ಅವುಗಳಿಗೆಂದೇ ಒಂದು ಮಿಥ್ಯಾ ಡಾಸ್ ಯಂತ್ರದ ಏರ್ಪಾಡಿತ್ತು. 64 ಬಿಟ್ ಆವೃತ್ತಿಗಳಲ್ಲಿ ಅದು ಇಲ್ಲ. 2021ರ ಅಕ್ಟೋಬರ್ 5ರಂದು ಬಿಡುಗಡೆಯಾದ ವಿಂಡೋಸ್ 11ಕ್ಕೆ 32 ಬಿಟ್ ಆವೃತ್ತಿಯೇ ಇಲ್ಲ. 32 ಬಿಟ್ ಆವೃತ್ತಿಯನ್ನು ಹೊಂದಿದ್ದ ವಿಂಡೋಸ್ 10ಕ್ಕೆ ನೀಡಲಾಗುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು.

ಹಾಗೆಂದು ನಿರಾಶರಾಗಬೇಕಿಲ್ಲ. 2002ರಿಂದ ಉಚಿತವಾಗಿ ದೊರೆಯುತ್ತಿರುವ 'ಡಾಸ್‌ಬಾಕ್ಸ್' ಎಂಬ ತಂತ್ರಾಂಶವು ಹೊಸ ಗಣಕಯಂತ್ರದೊಳಗೆ ಹಳೆಯ ಗಣಕಯಂತ್ರವೊಂದನ್ನು ಅನುಕರಿಸಿ ತೋರಿಸುತ್ತದೆ. ಮುಖ್ಯವಾಗಿ ಆಟಗಳಿಗಾಗಿ ಸಿದ್ಧವಾದದ್ದಾದರೂ ಇತರ ಅನೇಕ ಡಾಸ್ ತಂತ್ರಾಂಶಗಳು ಅದರಲ್ಲಿ ನಡೆಯುತ್ತವೆ. ಹೊಸ ಡಿಸ್ಕಿನಲ್ಲಿ ಪ್ರತ್ಯೇಕ ಕೋಶವೊಂದನ್ನು ರಚಿಸಿ, ಹಳೆಯ ತಂತ್ರಾಂಶವನ್ನೂ ಅದಕ್ಕೆ ಬೇಕಾದ ಕಡತಗಳ ಪ್ರತಿಯನ್ನೂ ಅದರಲ್ಲಿರಿಸಬೇಕು. 'ಮೌಂಟ್' ಎಂಬ ಆದೇಶದ ಮೂಲಕ ಆ ಕೋಶವನ್ನು ಡಾಸ್‌ಬಾಕ್ಸಿಗೆ 'ಸಿ' ಡಿಸ್ಕ್ ಎಂದು ತೋರಿಸಬೇಕು. ಹಳೆಯ ತಂತ್ರಾಂಶಕ್ಕೆ ಆ ಕೋಶವೇ ಪ್ರಪಂಚ. ಹೊಸ ಡಿಸ್ಕಿನ ಉಳಿದ ಭಾಗ ಅದರ ಕಣ್ಣಿಗೆ ಬೀಳದು. ಆದರೆ ಆ ಕೋಶದೊಳಗಿನ ಕಡತಗಳಲ್ಲಿ ಆಗುವ ಬದಲಾವಣೆ ನಿಜವಾದದ್ದೇ. ಆದುದರಿಂದ ಅಲ್ಲಿ ಪ್ರತಿಯನ್ನೇ ಇರಿಸಬೇಕು, ಮೂಲವನ್ನಲ್ಲ.

ಕೆಲವು ವೇಳೆ ತೊಡಕಿನ ಕಾರಣ ವಿಚಿತ್ರವಾಗಿರುತ್ತದೆ. 1990ರ ದಶಕದಲ್ಲಿ ಟರ್ಬೋ ಪ್ಯಾಸ್ಕಲ್ ಭಾಷೆಯಲ್ಲಿ ರಚಿತವಾದ ಎಷ್ಟೋ ತಂತ್ರಾಂಶಗಳು ಯಂತ್ರದ ವೇಗ ಹೆಚ್ಚಿದೊಡನೆ ಆರಂಭದಲ್ಲಿಯೇ 'ದೋಷ 200' ಎಂದು ಸೂಚಿಸಿ ನಿಂತುಬಿಡುತ್ತಿದ್ದವು. ಕಾಲವನ್ನು ಅಳೆಯಲು ಅವು ಮಾಡುತ್ತಿದ್ದ ಲೆಕ್ಕವು ವೇಗದ ಸಂಸ್ಕಾರಕದ ಮುಂದೆ ತಪ್ಪುತ್ತಿತ್ತು. ಡಾಸ್‌ಬಾಕ್ಸಿನಲ್ಲಿ ಅನುಕರಣದ ವೇಗವನ್ನು ತಗ್ಗಿಸುವ ಅನುಕೂಲವಿರುವುದರಿಂದ ಇಂತಹ ತೊಡಕನ್ನು ನಿವಾರಿಸಬಹುದು.

ಡಾಸ್‌ಬಾಕ್ಸಿನಿಂದಲೂ ಸಾಧ್ಯವಾಗದಿದ್ದರೆ ಮಿಥ್ಯಾಯಂತ್ರದ ಮಾರ್ಗವಿದೆ. 'ವರ್ಚುವಲ್‌ಬಾಕ್ಸ್'ನಂತಹ ತಂತ್ರಾಂಶದ ಒಳಗೆ ಹಳೆಯ ಕಾರ್ಯಾಚರಣಾ ವ್ಯವಸ್ಥೆಯನ್ನೇ ಸ್ಥಾಪಿಸಬಹುದು. ಅದರ ಡಿಸ್ಕ್ ಎಂಬುದು ಹೊಸ ಯಂತ್ರದ ಮೇಲಿನ ಒಂದು ಕಡತ ಮಾತ್ರ. ಅಲ್ಲಿ ಅನಾಹುತವಾದರೂ ಹೊರಗಿನ ಡಿಸ್ಕಿಗೆ ಬಾಧೆಯಿಲ್ಲ. ಹಳೆಯ ವ್ಯವಸ್ಥೆಗಳಿಗೆ ಈಗ ರಕ್ಷಣಾ ತಿದ್ದುಪಡಿಗಳು ಬರುವುದಿಲ್ಲವಾದ್ದರಿಂದ ಅಂತಹ ಯಂತ್ರಕ್ಕೆ ಅಂತರಜಾಲದ ಸಂಪರ್ಕ ಕೊಡಬಾರದು. ಹಳೆಯ ವ್ಯವಸ್ಥೆಗೂ ಪರವಾನಗಿ ಅಗತ್ಯವೆಂಬುದನ್ನು ಮರೆಯಬಾರದು.

ಎರಡನೆಯ ವರ್ಗದ ತಂತ್ರಾಂಶಗಳ ವಿಷಯದಲ್ಲಿ ಹೊಂದಾಣಿಕೆ ವಿಧಾನವನ್ನು ಬಳಸಕೂಡದು. ಹಳೆಯ ವೈರಸ್ ನಿರೋಧಕಗಳನ್ನೂ ಡಿಸ್ಕ್ ಸಾಧನಗಳನ್ನೂ ಹೀಗೆ ನಡೆಸಿದರೆ ಮಾಹಿತಿ ನಷ್ಟವಾಗಬಹುದೆಂದು ವಿಂಡೋಸ್ ತಯಾರಕರೇ ಎಚ್ಚರಿಸಿದ್ದಾರೆ. ಈ ಕೆಲಸಗಳಿಗೆ ಹೊಸ ವ್ಯವಸ್ಥೆಯಲ್ಲಿಯೇ ಸಾಧನಗಳಿವೆ. ಇನ್ನು ಕೆಲವು ಕೆಲಸಗಳ ಅಗತ್ಯವೇ ಉಳಿದಿಲ್ಲ. ತಿರುಗುವ ಫಲಕಗಳಿದ್ದ ಡಿಸ್ಕಿನಲ್ಲಿ ಚದುರಿದ ಕಡತಗಳನ್ನು ಒಂದೆಡೆ ಸೇರಿಸಿದರೆ ವೇಗ ಹೆಚ್ಚುತ್ತಿತ್ತು. ಚಲಿಸುವ ಭಾಗಗಳಿಲ್ಲದ ಇಂದಿನ ಎಸ್.ಎಸ್.ಡಿ. ಡಿಸ್ಕುಗಳಲ್ಲಿ ಅದರಿಂದ ಹೇಳಿಕೊಳ್ಳುವಂತಹ ಪ್ರಯೋಜನವಿಲ್ಲ. ಅನಗತ್ಯ ಬರವಣಿಗೆಯಿಂದ ಅವುಗಳ ಸವೆತ ಮಾತ್ರ ಹೆಚ್ಚುತ್ತದೆ.

ಕನ್ನಡದ ಕಡತಗಳಿಗೆ ಸಂಬಂಧಿಸಿ ಇನ್ನೊಂದು ವಿಶೇಷ ತೊಡಕಿದೆ. ಡಾಸ್ ಕಾಲದಲ್ಲಿ ಪುಣೆಯ ಸಿ-ಡ್ಯಾಕ್ ಸಂಸ್ಥೆಯ 'ಜಿಸ್ಟ್' ಕಾರ್ಡನ್ನು ಯಂತ್ರದೊಳಗೆ ಜೋಡಿಸಿದರೆ ಭಾರತೀಯ ಲಿಪಿಗಳು ತೆರೆಯ ಮೇಲೆ ಮೂಡುತ್ತಿದ್ದವು. ಅಂತಹ ಕಾರ್ಡನ್ನು ಡಾಸ್‌ಬಾಕ್ಸ್ ಅನುಕರಿಸುವುದಿಲ್ಲ. ಆ ಕಾಲದಲ್ಲಿ ಇಸ್ಕಿ ಸಂಕೇತಗಳಲ್ಲಿ ಬರೆದಿಟ್ಟ ಬರಹವನ್ನು ಯೂನಿಕೋಡಿಗೆ ಪರಿವರ್ತಿಸುವುದೇ ಮಾರ್ಗ. ಯೂನಿಕೋಡಿನ ಭಾರತೀಯ ಲಿಪಿ ವಿಭಾಗಗಳು ಇಸ್ಕಿಯ ಮಾದರಿಯನ್ನೇ ಅನುಸರಿಸಿರುವುದರಿಂದ ಈ ಪರಿವರ್ತನೆ ಕಠಿಣವಲ್ಲ. ಅಕ್ಷರಶೈಲಿಯನ್ನು ಆಧರಿಸಿದ 'ನುಡಿ', 'ಬರಹ' ಮೊದಲಾದವುಗಳ ಹಳೆಯ ಕಡತಗಳು ಆ ಶೈಲಿ ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳಂತೆ ಕಾಣುತ್ತವೆ. ಅವು ಕೆಟ್ಟಿವೆಯೆಂದು ಭಾವಿಸಿ ಅಳಿಸಬಾರದು. ಪರಿವರ್ತಕ ಸಾಧನಗಳಿಂದ ಅವುಗಳನ್ನು ಯೂನಿಕೋಡಿಗೆ ತಂದು, ಒತ್ತಕ್ಷರ ಮತ್ತು ಅರ್ಕಾವತ್ತುಗಳಿರುವ ಪದಗಳನ್ನು ಮೂಲದೊಡನೆ ತಾಳೆ ನೋಡಬೇಕು.

ಇಲ್ಲಿಗೆ ಮುಖ್ಯ ಮಾತಿಗೆ ಬಂದಂತಾಯಿತು. ಉಳಿಸಬೇಕಾದದ್ದು ತಂತ್ರಾಂಶವಲ್ಲ, ಅದರಿಂದ ಸಿದ್ಧವಾದ ಕಡತ. 1989ರ ಪಿ.ಕೆ.ಜಿಪ್ ತಂತ್ರಾಂಶವನ್ನು ಇಂದು ಬಳಸುವವರು ವಿರಳ. ಅದು ಬಳಕೆಗೆ ತಂದ 'ಜಿಪ್' ಕಡತಗಳನ್ನಾದರೋ ಇಂದಿನ ಯಂತ್ರಗಳು ಸುಲಭವಾಗಿ ತೆರೆಯುತ್ತವೆ. ಡಿಬೇಸ್‌ನಲ್ಲಿರುವ ಸದಸ್ಯರ ಪಟ್ಟಿಯನ್ನು ಉಚಿತವಾಗಿ ದೊರೆಯುವ ಲಿಬ್ರೆಆಫೀಸ್ ತಂತ್ರಾಂಶದಲ್ಲಿ ತೆರೆಯಬಹುದು. ಹೀಗೆ ಹಲವೊಮ್ಮೆ ಹಳೆಯ ತಂತ್ರಾಂಶವನ್ನು ನಡೆಸದೆಯೇ ಕೆಲಸ ಮುಗಿಯುತ್ತದೆ. ನಡೆಸಲೇಬೇಕಾದಾಗಲೂ ಅದನ್ನು ಸೇತುವೆಯೆಂದು ತಿಳಿಯಬೇಕು. ಕಡತವನ್ನು ಈಚೆ ದಡಕ್ಕೆ ತಂದ ಬಳಿಕ ಸೇತುವೆಯ ಮೇಲೆ ವಾಸಿಸಬೇಕಿಲ್ಲ.

ಕೊನೆಯದಾಗಿ ಕೆಲವು ಸೂಚನೆಗಳು. ಹಳೆಯ ಯಂತ್ರವನ್ನು ಗುಜರಿಗೆ ಹಾಕುವ ಮುನ್ನ ಅದರ ಡಿಸ್ಕಿನ ಪ್ರತಿಯನ್ನು ಎರಡು ಬೇರೆ ಬೇರೆ ಸಾಧನಗಳಲ್ಲಿರಿಸಬೇಕು. ಫ್ಲಾಪಿಗಳಿದ್ದರೆ ಅವನ್ನು ಓದುವ ಯಂತ್ರ ದೊರೆಯುವಾಗಲೇ ನಕಲು ಮಾಡಿಕೊಳ್ಳಬೇಕು; ಅವುಗಳ ಕಾಂತಲೇಪನ ಕಾಲಕ್ರಮೇಣ ಕ್ಷೀಣಿಸುತ್ತದೆ. ಯಾವುದೇ ಪ್ರಯೋಗವನ್ನು ಪ್ರತಿಯ ಮೇಲೆಯೇ ನಡೆಸಬೇಕು. ಪರಿವರ್ತನೆಯಾದ ಕಡತವನ್ನು ತೆರೆದು ಓದಿ ನೋಡುವವರೆಗೆ ಮೂಲವನ್ನು ಅಳಿಸಬಾರದು.

ದೂರದ ಊರುಗಳಲ್ಲಿ ನೆಲೆಸಿ ಕನ್ನಡವನ್ನು ಬಾಳಿಸಿದವರ ಹೆಸರುಗಳೂ ಬರಹಗಳೂ ಎಷ್ಟೋ ಕಡೆ ಇಂತಹ ಹಳೆಯ ಡಿಸ್ಕುಗಳಲ್ಲಿಯೇ ಉಳಿದಿರಬಹುದು. ಯಂತ್ರ ಹೋದರೆ ಮತ್ತೊಂದನ್ನು ಕೊಳ್ಳಬಹುದು. ಅವು ಹೋದರೆ ಮತ್ತೆ ಬಾರವು. ಒಂದು ರಜಾ ದಿನದ ಶ್ರಮದಿಂದ ಅವುಗಳನ್ನು ಮುಂದಿನ ಪೀಳಿಗೆಗೆ ದಾಟಿಸಲು ಸಾಧ್ಯವಿದೆ. ಆ ಕೆಲಸವನ್ನು ಇಂದೇ ಆರಂಭಿಸುವುದು ಲೇಸು.