ಗೆಳೆಯರ ಮನೆಯಿಂದ ಕಾಣುವ ದೇಶ

ದುಡ್ಡಿದ್ದರೆ ಹೊರದೇಶದ ಊರುಗಳನ್ನು ಯಾರಾದರೂ ನೋಡಿ ಬರಬಹುದು. ಅಲ್ಲಿನ ಬದುಕನ್ನು ಅರಿಯಲು ಮಾತ್ರ ಪರಿಚಿತರ ಮನೆಯೇ ಬೇಕು. 1931ರಲ್ಲಿ ದುಂಡುಮೇಜಿನ ಪರಿಷತ್ತಿಗೆ ಲಂಡನ್ನಿಗೆ ಹೋದ ಗಾಂಧೀಜಿ ಹೋಟೆಲಿನಲ್ಲಿ ಇಳಿಯಲಿಲ್ಲ. ಐದು ವರ್ಷ ಹಿಂದೆ ಸಾಬರಮತಿ ಆಶ್ರಮಕ್ಕೆ ಅತಿಥಿಯಾಗಿ ಬಂದಿದ್ದ ಮ್ಯೂರಿಯಲ್ ಲೆಸ್ಟರ್ ಅವರ ಕಿಂಗ್ಸ್‌ಲಿ ಹಾಲ್‌ನಲ್ಲಿ ತಂಗಿದರು. ಅದಿದ್ದದ್ದು ನಗರದ ಪೂರ್ವಭಾಗದ ಬಡ ಕಾರ್ಮಿಕರ ನಡುವೆ. ಮಾಳಿಗೆಯ ಮೇಲಿನ ಪುಟ್ಟ ಕೋಣೆಯಲ್ಲಿ ವಾಸ, ನಸುಕಿನಲ್ಲಿ ಅದೇ ಬೀದಿಗಳಲ್ಲಿ ನಡಿಗೆ. ಅಲ್ಲಿನ ಮಕ್ಕಳಿಗೆ ಅವರು ‘ಅಂಕಲ್ ಗಾಂಧಿ’. ಪರಿಷತ್ತು ಸ್ವರಾಜ್ಯ ಕೊಡಲಿಲ್ಲ, ನಿಜ. ಆದರೆ ಆಳುವವರ ನಾಡಿನಲ್ಲೂ ಕೂಲಿಗೆ ಪರದಾಡುವವರಿದ್ದಾರೆಂದು ಹತ್ತಿರದಿಂದ ಕಾಣುವುದು ಆ ವಾಸದಿಂದ ಸಾಧ್ಯವಾಯಿತು.

ವೀಡಿಯೊ ಕರೆ ಇರುವಾಗ ಹೊರದೇಶದ ಗೆಳೆಯರ ಮನೆಗೆ ಹೋಗಲು ಇಷ್ಟು ಖರ್ಚೇಕೆ ಎಂದು ಕೇಳಬಹುದು. ಕರೆಯಲ್ಲಿ ಗೆಳೆಯ ತೋರಿಸಿದ್ದಷ್ಟೇ ಕಾಣುತ್ತದೆ. ಅವನ ನೆರೆಹೊರೆ, ದುಡಿತದ ದಣಿವು, ಮನೆಯವರ ಒಂಟಿತನ ಜೊತೆಗಿದ್ದವರಿಗೇ ತಿಳಿಯುವುದು. ಅತಿಥಿ ಹೊರೆಯಾಗುವುದಿಲ್ಲವೇ? ಬಿಡುವು ಕೇಳದೆ ಹೋದರೆ ಖಂಡಿತ ಆಗುತ್ತಾನೆ. ಆದ್ದರಿಂದ ಮೊದಲೇ ವಿಚಾರಿಸಿ ಹೋಗೋಣ, ಮನೆಗೆಲಸಕ್ಕೆ ಕೈಜೋಡಿಸೋಣ, ಅವರನ್ನೂ ನಮ್ಮಲ್ಲಿಗೆ ಕರೆಯೋಣ. ಹೋಗಿಬರುವುದು ಎರಡೂ ಕಡೆಯಿಂದ ನಡೆದರೆ ದೂರದ ದೇಶದ ಬಗ್ಗೆ ಕೇಳಿದ್ದನ್ನೆಲ್ಲ ನಂಬುವ ಅಭ್ಯಾಸ ತಾನಾಗಿ ಕಡಿಮೆಯಾಗುತ್ತದೆ.