ಕಣ್ಣು ಮಂಜಾದರೆ ದುಡಿಮೆ ಮುಗಿಯಿತೇ?

(ಕಲಿಕಾ ಕೇಂದ್ರದಲ್ಲಿ ಆಡಿದ ಮಾತು)



ದಿನವಿಡೀ ದುಡಿದು, ಮನೆಯಲ್ಲಿ ಗಂಜಿ ಬೇಯಿಸಿಟ್ಟು ಇಲ್ಲಿಗೆ ಬಂದಿದ್ದೀರಿ. ಇವತ್ತು ನಾವು ಕಣ್ಣಿನ ವಿಷಯ ಮಾತಾಡುವ.

ನಮ್ಮ ಕುಂದಾಪುರ, ಬೈಂದೂರು, ಬ್ರಹ್ಮಾವರದ ಹೆಂಗಸರ ಕೆಲಸ ಎಂಥದ್ದು? ಗದ್ದೆಯಲ್ಲಿ ಬಗ್ಗಿ ನಟ್ಟಿ ಮಾಡುವುದು. ಕತ್ತಿ ಹಿಡಿದು ಕೊಯ್ಲು ಮಾಡುವುದು. ಗಂಗೊಳ್ಳಿಯಂಥ ಬಂದರಿನಲ್ಲಿ ಮೀನು ಆಯುವುದು. ಬುಟ್ಟಿ ಹೊತ್ತು ಮನೆಮನೆಗೆ ಹೋಗುವುದು. ಬೀಡಿ ಕಟ್ಟುವುದು. ಎಲ್ಲವೂ ಮೈ ದಣಿಯುವ ಕೆಲಸ. ಎಲ್ಲದಕ್ಕೂ ಕಣ್ಣು ಬೇಕು.

ಕಣ್ಣು ಮಂಜಾದರೆ ನಾವು ಏನು ಮಾಡುತ್ತೇವೆ? ಯಾರಿಗೂ ಹೇಳುವುದಿಲ್ಲ. ಹೇಳಿದರೆ ಕೆಲಸಕ್ಕೆ ಕರೆಯುವುದಿಲ್ಲ ಎಂಬ ಹೆದರಿಕೆ. ತಡವುತ್ತಾ ತಡವುತ್ತಾ ದಿನ ದೂಡುತ್ತೇವೆ. ಕೊನೆಗೆ ಒಂದು ದಿನ "ಇನ್ನು ನನ್ನಿಂದ ಆಗ" ಎಂದು ಮೂಲೆಯಲ್ಲಿ ಕೂರುತ್ತೇವೆ. ಕೂಲಿ ನಿಲ್ಲುತ್ತದೆ. ಕೈಯಲ್ಲಿ ಕಾಸಿಲ್ಲದಾಗ ಮನೆಯಲ್ಲಿ ನಮ್ಮ ಮಾತಿಗೂ ಬೆಲೆ ಇಲ್ಲ. ಹೌದಲ್ಲವೇ?

ಇದು ಹೀಗೇ ಆಗಬೇಕೇ? ಇಲ್ಲ. ಒಬ್ಬ ಹುಡುಗಿಯ ಕತೆ ಕೇಳಿ.

ಅವರ ಹೆಸರು ರಕ್ಷಿತಾ ರಾಜು. ಘಟ್ಟದ ಮೇಲಿನ ಚಿಕ್ಕಮಗಳೂರು ಜಿಲ್ಲೆಯವರು. ಅವರಿಗೆ ಕಣ್ಣು ಕಾಣುವುದಿಲ್ಲ. ಚಿಕ್ಕಂದಿನಲ್ಲೇ ತಂದೆತಾಯಿ ತೀರಿಹೋದರು. ಸಾಕಿದವರು ಅಜ್ಜಿ. ಆ ಅಜ್ಜಿಗೆ ಕಿವಿ ಕೇಳದು, ಮಾತು ಬಾರದು. ಇಂಥ ಮನೆಯ ಹುಡುಗಿ ಓಟವನ್ನು ತನ್ನ ಕೆಲಸ ಮಾಡಿಕೊಂಡರು. 1500 ಮೀಟರ್ ಓಟ. ಅಂದರೆ ಒಂದೂವರೆ ಕಿಲೋಮೀಟರ್.

2018ರಲ್ಲಿ ಜಕಾರ್ತದಲ್ಲಿ ಏಷ್ಯಾದ ಅಂಗವಿಕಲರ ಕ್ರೀಡಾಕೂಟ ನಡೆಯಿತು. ಅಲ್ಲಿ ರಕ್ಷಿತಾ ಚಿನ್ನದ ಪದಕ ಗೆದ್ದರು. 2023ರಲ್ಲಿ ಚೀನಾದ ಹಾಂಗ್‌ಝೌನಲ್ಲಿ ಮತ್ತೆ ಚಿನ್ನ ಗೆದ್ದರು. 2024ರಲ್ಲಿ ಪ್ಯಾರಿಸ್‌ನ ಪ್ಯಾರಾಲಿಂಪಿಕ್ಸ್‌ನಲ್ಲಿ ಓಡಿದರು. ಅಲ್ಲಿ ಪದಕ ಬರಲಿಲ್ಲ. ಆದರೆ ಇಡೀ ಜಗತ್ತಿನ ಓಟಗಾರ್ತಿಯರ ಜೊತೆ ಓಡಿದರು.

ಕಣ್ಣು ಕಾಣದವರು ಓಡುವುದು ಹೇಗೆ? ಪಕ್ಕದಲ್ಲಿ ಕಣ್ಣಿರುವ ಒಬ್ಬ ಜೊತೆಗಾರ ಓಡುತ್ತಾನೆ. ಇಬ್ಬರನ್ನೂ ಒಂದು ಗಿಡ್ಡ ಹಗ್ಗ ಜೋಡಿಸುತ್ತದೆ. ತಿರುವು ಬಂದಾಗ ಅವನು ಬಾಯಲ್ಲಿ ಹೇಳುತ್ತಾನೆ. ಆದರೆ ಅವನು ಎಳೆಯುವಂತಿಲ್ಲ, ತಳ್ಳುವಂತಿಲ್ಲ. ಕೊನೆಯ ಗೆರೆಯನ್ನು ಅವಳಿಗಿಂತ ಮೊದಲು ದಾಟುವಂತೆಯೂ ಇಲ್ಲ. ಓಟ ಅವಳದೇ.

ಈ ನಿಯಮ ನಮ್ಮ ಮನೆಗೂ ಒಪ್ಪುತ್ತದೆ. ಕಣ್ಣು ಮಂಜಾದ ಅತ್ತೆಗೆ, ಅಮ್ಮನಿಗೆ ಕೈ ಕೊಡಿ. "ನೀವು ಸುಮ್ಮನೆ ಕೂತ್ಕಣಿ" ಎಂದು ಅವರ ಕೆಲಸ ಕಸಿದುಕೊಳ್ಳಬೇಡಿ.

ಇನ್ನೊಂದು ಸುದ್ದಿ. 2025ರ ನವೆಂಬರ್‌ನಲ್ಲಿ ಕಣ್ಣು ಕಾಣದ ಹೆಂಗಸರ ಮೊದಲ ವಿಶ್ವಕಪ್ ಕ್ರಿಕೆಟ್ ನಡೆಯಿತು. ಕೊಲಂಬೊದಲ್ಲಿ ಭಾರತ ನೇಪಾಳವನ್ನು ಸೋಲಿಸಿ ಕಪ್ ಗೆದ್ದಿತು. ನಾಯಕಿ ದೀಪಿಕಾ ಟಿ.ಸಿ. ಆ ಆಟದ ಚೆಂಡು ಗಲಗಲ ಸದ್ದು ಮಾಡುತ್ತದೆ. ಕಿವಿಯಿಂದ ಕೇಳಿ ಹೊಡೆಯುತ್ತಾರೆ. ಕೆಲಸ ಬಿಡಲಿಲ್ಲ, ಕೆಲಸದ ದಾರಿ ಬದಲಿಸಿಕೊಂಡರು.

"ಅವರು ಆಟದವರು, ನಮಗೆಂತ?" ಎಂದು ನೀವು ಕೇಳಬಹುದು. ಸರಿ, ನಮ್ಮಂತೆ ಕೂಲಿ ಮಾಡುವವರ ಮಾತು ಹೇಳುತ್ತೇವೆ. ಅಸ್ಸಾಮಿನಲ್ಲಿ ಚಹಾ ತೋಟಗಳಿವೆ. ಎಲೆ ಕೊಯ್ಯುವವರಲ್ಲಿ ಹೆಂಗಸರೇ ಹೆಚ್ಚು. ನಲವತ್ತು ದಾಟಿದವರಿಗೆ ಹತ್ತಿರದ್ದು ಸರಿ ಕಾಣುತ್ತಿರಲಿಲ್ಲ. ಇದಕ್ಕೆ ಚಾಳೀಸು ಎನ್ನುತ್ತಾರೆ. ವೈದ್ಯರು ಅವರಲ್ಲಿ ಅರ್ಧ ಜನರಿಗೆ ಕನ್ನಡಕ ಕೊಟ್ಟು ನೋಡಿದರು. ಕನ್ನಡಕ ಸಿಕ್ಕವರು ಸಿಗದವರಿಗಿಂತ ದಿನಕ್ಕೆ ಸುಮಾರು 5 ಕಿಲೋ ಹೆಚ್ಚು ಎಲೆ ಕೊಯ್ದರು. 2018ರಲ್ಲಿ ಈ ಲೆಕ್ಕ ಪ್ರಕಟವಾಯಿತು. ಕೈ ಅದೇ, ಮೈ ಅದೇ. ಬದಲಾದದ್ದು ಕನ್ನಡಕ ಒಂದೇ.

ನಮ್ಮ ಕೇಂದ್ರದಲ್ಲೂ ಇದನ್ನು ಕಂಡಿದ್ದೇವೆ. ಕೆಲವರು ಪುಸ್ತಕವನ್ನು ಕೈಯಳತೆ ದೂರ ಹಿಡಿಯುತ್ತಾರೆ. "ನನಗೆ ಅಕ್ಷರ ತಲೆಗೆ ಹತ್ತುದಿಲ್ಲ" ಎನ್ನುತ್ತಾರೆ. ತಲೆಗೆ ಹತ್ತದ್ದಲ್ಲ, ಕಣ್ಣಿಗೆ ಕಾಣದ್ದು! ಕನ್ನಡಕ ಹಾಕಿದ ಮೇಲೆ ಅವರೇ ಮುಂದೆ ಕೂತು ಓದುತ್ತಾರೆ.

ಈಗ ಪೊರೆಯ ವಿಷಯ. ವಯಸ್ಸಾದಂತೆ ಕಣ್ಣಿನ ಒಳಗಿನ ಮಸೂರ ಬೆಳ್ಳಗೆ ಮಸುಕಾಗುತ್ತದೆ. ಅದೇ ಪೊರೆ. ಯಾವ ಹನಿಯಿಂದಲೂ, ಸೊಪ್ಪಿನ ರಸದಿಂದಲೂ ಅದು ಕರಗದು. ಶಸ್ತ್ರಚಿಕಿತ್ಸೆಯೇ ದಾರಿ. ಮಸುಕಾದ ಮಸೂರ ತೆಗೆದು ಹೊಸದನ್ನು ಕೂರಿಸುತ್ತಾರೆ. ಹೆಚ್ಚಿನವರು ಅದೇ ದಿನ ಮನೆಗೆ ಬರುತ್ತಾರೆ. ಕುರುಡುತನ ತಡೆಯುವ ರಾಷ್ಟ್ರೀಯ ಕಾರ್ಯಕ್ರಮ 1976ರಲ್ಲೇ ಶುರುವಾಗಿದೆ. ಅದರಡಿ ಈ ಚಿಕಿತ್ಸೆ ಉಚಿತವಾಗಿ ಸಿಗುತ್ತದೆ.

ಒಂದು ಮಾತು ನೆನಪಿರಲಿ. ಚಿಕಿತ್ಸೆಯಾದ ಕೂಡಲೇ ಬುಟ್ಟಿ ಹೊರಬೇಡಿ, ಗದ್ದೆಗೆ ಇಳಿಯಬೇಡಿ. ಕಣ್ಣಿಗೆ ನೀರು, ಧೂಳು ತಾಗಬಾರದು. ಡಾಕ್ಟರು ಹೇಳಿದಷ್ಟು ದಿನ ಹನಿ ಹಾಕಿ. ಕೆಲವು ವಾರ ಕೂಲಿ ತಪ್ಪಬಹುದು. ಆದರೆ ಮುಂದಿನ ವರ್ಷಗಳ ಕೂಲಿ ಉಳಿಯುತ್ತದೆ. ಆದ್ದರಿಂದ ನಟ್ಟಿ, ಕೊಯ್ಲು ಇಲ್ಲದ ಸಮಯ ನೋಡಿ ಹೋಗಿ.

ಕೆಲವು ತೊಂದರೆಗೆ ಮಾತ್ರ ಕಾಯುವಂತಿಲ್ಲ. ಭತ್ತದ ಎಲೆ ಕಣ್ಣಿಗೆ ಗೀರಿದರೆ, ಹೊಟ್ಟು ಬಿದ್ದರೆ ಉಜ್ಜಬೇಡಿ. ಎಣ್ಣೆ, ಎದೆಹಾಲು, ಸೊಪ್ಪಿನ ರಸ ಹಾಕಬೇಡಿ. ಚಿಕ್ಕ ಗೀರು ಹುಣ್ಣಾಗಿ ಕಣ್ಣೇ ಹೋಗಬಹುದು. ಅದೇ ದಿನ ಆಸ್ಪತ್ರೆಗೆ ಹೋಗಿ. ಇದ್ದಕ್ಕಿದ್ದಂತೆ ಕಣ್ಣಲ್ಲಿ ಮಿಂಚು ಹೊಡೆದರೆ, ಪರದೆ ಇಳಿದಂತಾದರೆ ಅಂದೇ ಓಡಬೇಕು. ಸಕ್ಕರೆ ಕಾಯಿಲೆ ಇದ್ದವರು ವರ್ಷಕ್ಕೊಮ್ಮೆ ಕಣ್ಣಿನ ಒಳಭಾಗ ತೋರಿಸಬೇಕು. ಗ್ಲಾಕೋಮಾ ಎಂಬ ರೋಗ ಸದ್ದಿಲ್ಲದೆ ಬರುತ್ತದೆ. ಅದರಿಂದ ಹೋದ ದೃಷ್ಟಿ ಮರಳಿ ಬಾರದು. ಉಳಿದದ್ದನ್ನು ಕಾಪಾಡಬಹುದು.

ಚಿಕಿತ್ಸೆಯಿಂದಲೂ ಸರಿಯಾಗದ ಕಣ್ಣು ಇದ್ದರೆ? ಆಗಲೂ ಬಾಗಿಲು ಮುಚ್ಚಿಲ್ಲ. 2016ರಲ್ಲಿ ಅಂಗವಿಕಲರ ಹಕ್ಕುಗಳ ಕಾಯ್ದೆ ಬಂದಿದೆ. ಕೊರತೆ ನೂರಕ್ಕೆ ನಲವತ್ತು ಅಥವಾ ಹೆಚ್ಚಿದ್ದರೆ ಪ್ರಮಾಣಪತ್ರ ಪಡೆದು ಸವಲತ್ತು ಕೇಳಬಹುದು. ಸರಕಾರಿ ನೌಕರಿಯಲ್ಲಿ ಅಂಗವಿಕಲರಿಗೆ ನೂರಕ್ಕೆ ನಾಲ್ಕು ಮೀಸಲು. ಅದರಲ್ಲಿ ಒಂದು ಪಾಲು ದೃಷ್ಟಿ ಇಲ್ಲದವರಿಗೆ, ಕಡಿಮೆ ಇರುವವರಿಗೆ. ಕಣ್ಣು ಸರಿ ಕಾಣದ ಹೆಣ್ಣುಮಗು ಇದ್ದರೆ ಶಾಲೆ ಬಿಡಿಸಬೇಡಿ.

ತಾಯಂದಿರೇ, ಮನೆಗೆ ಹೋಗಿ ಒಂದು ಕೆಲಸ ಮಾಡಿ. ಒಂದು ಕಣ್ಣು ಮುಚ್ಚಿ ಗೋಡೆಯ ಕ್ಯಾಲೆಂಡರ್ ನೋಡಿ. ಮತ್ತೆ ಇನ್ನೊಂದು ಕಣ್ಣು ಮುಚ್ಚಿ ನೋಡಿ. ಯಾವುದಾದರೂ ಒಂದರಲ್ಲಿ ಮಸುಕು ಕಂಡರೆ ಆಶಾ ಕಾರ್ಯಕರ್ತೆಗೆ ಹೇಳಿ. ಒಬ್ಬರೇ ಹೋಗಲು ಹೆದರಿಕೆಯೇ? ನಾಲ್ಕು ಜನ ಸೇರಿ ಹೋಗುವ. ಬಸ್ಸಿನ ಬೋರ್ಡು ಓದಲು ಈಗ ನಮಗೆ ಬರುತ್ತದಲ್ಲ!

ಓದಿ, ಯೋಚಿಸಿ, ಹೇಳಿ:
1. ಓಟದಲ್ಲಿ ಜೊತೆಗಾರ ಏನು ಮಾಡಬಾರದು?
2. ಭತ್ತದ ಎಲೆ ಕಣ್ಣಿಗೆ ಗೀರಿದರೆ ಏನು ಮಾಡಬೇಕು?
3. ನಿಮ್ಮ ಮನೆಯಲ್ಲಿ ಯಾರ ಕಣ್ಣು ಮಂಜಾಗಿದೆ? ಅವರನ್ನು ಯಾವಾಗ ಕರೆದುಕೊಂಡು ಹೋಗುತ್ತೀರಿ?